ದಾಸವಾಳಕ್ಕೆ ಮೂರನೇ ಜ್ವರ

ನಮ್ಮ ಮನೆಯ ದಾಸವಾಳಕ್ಕೆ ಮೂರನೇ ಜ್ವರ ಬಂದಿದೆ. ಗಾಬರಿಯಾಗಬೇಡಿ. ಮೊದಲೆರಡು ಜ್ವರ ಸುಸೂತ್ರವಾಗಿ ಮುಗಿದಿವೆ, ನಾಲ್ಕನೆಯದೂ ಮುಗಿದರೆ ಆಮೇಲೆ ಹೂವೋ ಹೂವು! ಇದನ್ನು ಹೇಳಿದ್ದು ತೋಟಗಾರಿಕೆ ಓದಿದವರಲ್ಲ, ನನ್ನ ಸೋದರತ್ತೆ, ಅಪ್ಪನ ಒಬ್ಬಳೇ ತಂಗಿ. ಆಕೆಗೆ ಗಿಡ ಬೆಳೆಸಲು ಬರುವುದಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆಕೆ ಗಿಡಗಳನ್ನು ಮೇಯಿಸುತ್ತಾಳೆ.

ಬೈರಾಪಟ್ಟಣದ ಆಚೆಯ ಹಳ್ಳಿಯಲ್ಲಿ ನಲವತ್ತು ವರ್ಷ ರೇಷ್ಮೆ ಹುಳು ಮೇಯಿಸಿದವಳು ಆಕೆ. ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂತು ಪೊರೆ ಕಳಚುತ್ತದಲ್ಲ, ಅದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಇಂಥ ನಾಲ್ಕು ಜ್ವರ ದಾಟಿದ ಹುಳು ಗೂಡು ಕಟ್ಟುತ್ತದೆ. ದಾಸವಾಳ ಚಿಗುರುವುದನ್ನು ನಿಲ್ಲಿಸಿ ಸುಮ್ಮನೆ ನಿಂತರೂ ಅತ್ತೆಯ ಲೆಕ್ಕದಲ್ಲಿ ಅದು ಜ್ವರವೇ. ಅತ್ತೆಯ ಮಂಡಿ ಸವೆದು ಸೊಪ್ಪು ಹೊರುವುದು ನಿಂತ ಮೇಲೆ ಆಕೆಯ ಮಗ ಹುಳು ಮನೆಯಲ್ಲಿ ಕುರಿ ಕಟ್ಟಿದ. ಅತ್ತೆಗೆ ಅದು ಸರಿಬೀಳಲಿಲ್ಲ. "ಒಸಿ ದಿನ ಇದ್ದು ಓಯ್ತೀನಿ ಕಣ್ಲಾ" ಎಂದು ಒಂದು ಬ್ಯಾಗು ಹಿಡಿದು ಚನ್ನಪಟ್ಟಣದ ನಮ್ಮ ಮನೆಗೆ ಬಂದಳು. ಆ ಒಸಿ ದಿನಕ್ಕೆ ಈಗ ನಾಲ್ಕು ವರ್ಷ. ಬ್ಯಾಗನ್ನು ಮಾತ್ರ ಖಾಲಿ ಮಾಡಲಿಲ್ಲ. ಉಡುವ ಸೀರೆಯನ್ನು ಅದರಿಂದಲೇ ತೆಗೆಯುತ್ತಿದ್ದಳು, ಒಗೆದು ಒಣಗಿಸಿ ಅದರೊಳಗೇ ತುರುಕುತ್ತಿದ್ದಳು. ನನ್ನ ಹೆಂಡತಿ ಬೀರುವಿನಲ್ಲಿ ಒಂದು ಅರೆ ಖಾಲಿ ಮಾಡಿಕೊಟ್ಟರೆ, "ಓಗೋಳ್ಗೆ ಬೀರು ಯಾಕವ್ವ" ಎಂದಳು. ಆ ಅರೆಗೆ ಬೀಜದ ಪೊಟ್ಟಣಗಳು ಬಂದವು.

ಮನೆ ಪಕ್ಕದ ಹನ್ನೆರಡಡಿ ಜಾಗವೇ ನಮ್ಮ ಕೈತೋಟ. ಅತ್ತೆ ಬಂದ ಮರುವಾರವೇ ಅದು ಹುಳು ಮನೆಯಾಯಿತು. ಬಾಗಿಲಿಗೆ ಅಡ್ಡ ಸುಣ್ಣದ ಗೆರೆ. ಗೆರೆಯ ಪಕ್ಕ ಕಾಲು ತೊಳೆಯಲು ಬಕೆಟ್ಟು. ಚಪ್ಪಲಿ ಹಾಕಿಕೊಂಡು ಒಳಗೆ ಹೋಗುವಂತಿಲ್ಲ, ಸೆಂಟು, ಪೌಡರು, ಊದುಬತ್ತಿ ಯಾವುದರ ವಾಸನೆಯೂ ಸುಳಿಯುವಂತಿಲ್ಲ. ಹುಳುವಿಗೆ ಆಗದ್ದು ಗುಲಾಬಿಗೆ ಹೇಗೆ ಆದೀತು? ನನ್ನ ಹೆಂಡತಿ ಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಡುವಾಗ ಅಡುಗೆಮನೆಯ ಕಿಟಕಿ ಮುಚ್ಚಿರಬೇಕು. ನಾವು ಒಳಗೆ ಕೆಮ್ಮುತ್ತೇವೆ, ಹೊರಗೆ ಗುಲಾಬಿ ಆರೋಗ್ಯವಾಗಿರುತ್ತದೆ.

ಒಮ್ಮೆ ನಮ್ಮ ಆಫೀಸಿನ ಸಾಹೇಬರು ಮಗಳ ಮದುವೆಗೆ ಕರೆಯಲು ಬಂದರು. ಹೂ ನೋಡಿ ಖುಷಿಯಾಗಿ ಕೈತೋಟದ ಕಡೆ ಹೆಜ್ಜೆ ಇಟ್ಟರು. ಅತ್ತೆ ಪೊರಕೆ ಅಡ್ಡ ಹಿಡಿದು, "ಅಲ್ಲೇ ನಿಂತ್ಕಳಿ ಸ್ವಾಮಿ. ಏನ್ ಸೆಂಟ್ ಒಡ್ಕಂಡಿದೀರಿ?" ಎಂದಳು.

"ಯಾಕಮ್ಮ, ಚೆನ್ನಾಗಿಲ್ವಾ?"

"ನಿಮ್ಗ್ ಚೆನ್ನಾಗೈತೆ. ಮಲ್ಲಿಗೆ ಇನ್ನೂ ಚಾಕಿ."

ಚಾಕಿ ಎಂದರೆ ಮೊಟ್ಟೆಯಿಂದ ಈಗಷ್ಟೇ ಹೊರಬಂದ ಎಳೆ ಹುಳು. ಸಾಹೇಬರಿಗೆ ಅದೇನು ಗೊತ್ತು? ಪಾಪ, ಸುಣ್ಣದ ಗೆರೆಯ ಈಚೆಯೇ ನಿಂತು ಲಗ್ನಪತ್ರಿಕೆ ಕೊಟ್ಟು ಹೋದರು. ಈಗ ನಮ್ಮ ಮನೆಗೆ ಬರುವ ಮುಂಚೆ ಫೋನ್ ಮಾಡಿ, "ಏನ್ರೀ, ಗಿಡಗಳು ಹೇಗಿವೆ, ಬರಬಹುದಾ?" ಎಂದು ಕೇಳುತ್ತಾರೆ.

ಮೊನ್ನೆ ಸಂಕ್ರಾಂತಿ ಕಳೆದ ಮೇಲೆ ನಡೆದದ್ದು ಮಾತ್ರ ನಗುವ ವಿಷಯವಾಗಿರಲಿಲ್ಲ. ನಾನೂ ಹೆಂಡತಿಯೂ ಕನಕಪುರಕ್ಕೆ ಗೃಹಪ್ರವೇಶಕ್ಕೆ ಹೋಗಿ ಸಂಜೆ ಬಂದು ನೋಡುತ್ತೇವೆ, ಕೈತೋಟವೇ ಇಲ್ಲ! ಗುಲಾಬಿ, ದಾಸವಾಳ, ಮಲ್ಲಿಗೆ, ನಂದಿಬಟ್ಟಲು, ಕಡೆಗೆ ಸಾರಿಗೆ ಬೇಕಾದ ಕರಿಬೇವು ಕೂಡ, ಎಲ್ಲವೂ ಮೊಣಕಾಲುದ್ದ. ಅತ್ತೆ ಕುಡುಗೋಲು ತೊಳೆಯುತ್ತಿದ್ದಳು.

"ಇಪ್ಪುನೇರಳೆ ಕಟಾವ್ ಮಾಡ್ದಂಗೆ ಮಾಡಿವ್ನಿ. ಚಿಗುರ್ತದೆ, ಸುಮ್ಕಿರು."

ನಾನು ಸುಮ್ಮನಿರುತ್ತಿದ್ದೆನೋ ಏನೋ, ಮೂಲೆಯ ಸಂಪಿಗೆ ಕಣ್ಣಿಗೆ ಬೀಳದಿದ್ದರೆ. ಅದೂ ಮೊಣಕಾಲುದ್ದದ ಮೋಟು, ತುದಿಗೆ ಸಗಣಿ ಮೆತ್ತಿತ್ತು. ಆ ಗಿಡ ನೆಟ್ಟವಳು ನಮ್ಮವ್ವ. "ಮೊದ್ಲ ಹೂವ ನಾನೇ ಮುಡಿಯೋದು, ನಿನ್ ಹೆಂಡ್ತಿಗ್ ಮುಂದಿಂದು" ಎಂದು ನಗುತ್ತಿದ್ದಳು. ಹೂವಾಗುವ ಮೊದಲೇ ಅವ್ವ ಹೋದಳು. ಗಿಡ ನನ್ನ ಎತ್ತರ ದಾಟಿತ್ತು, ಇನ್ನೂ ಒಂದು ಮೊಗ್ಗೂ ಬಿಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಅದನ್ನೊಮ್ಮೆ ಮುಟ್ಟಿ ಆಫೀಸಿಗೆ ಹೋಗುವುದು ನನ್ನ ಅಭ್ಯಾಸ.

"ಹುಳದ ಹುಚ್ಚು ನಿನ್ನ ಮನೇಲಿ ಇಟ್ಕೋಬೇಕಿತ್ತು ಅತ್ತೆ" ಎಂದುಬಿಟ್ಟೆ. ನನ್ನ ಮನೆ, ನಿನ್ನ ಮನೆ ಎಂದು ಆವರೆಗೆ ನಮ್ಮ ಬಾಯಲ್ಲಿ ಬಂದಿರಲಿಲ್ಲ. ಅತ್ತೆ ಕುಡುಗೋಲು ಒರೆಸಿ ಒಳಗಿಟ್ಟಳು. ಮಾರನೆಯ ದಿನ ನೋಡಿದರೆ ಬ್ಯಾಗಿನ ಜಿಪ್ಪು ಪೂರ್ತಿ ಎಳೆದು ಮುಚ್ಚಿತ್ತು. ಹೊರಟಾಳೇನೋ ಎಂದುಕೊಂಡೆ. ಹೊರಡಲಿಲ್ಲ, ನಾನು ಮಾತೂ ಆಡಿಸಲಿಲ್ಲ.

ಆದರೆ ಮಾಘ ಮಾಸಕ್ಕೆ ನಮ್ಮ ಜಗಳ ಗೊತ್ತಿತ್ತೇ? ಚಳಿ ಹಿಂದೆ ಸರಿಯಿತು, ಬಿಸಿಲಿಗೆ ಒಂದಿಷ್ಟು ಕಾವು ಬಂತು, ರಸ್ತೆಬದಿಯ ಹೊಂಗೆ ಎಲೆ ಉದುರಿಸಿಕೊಂಡು ವಾರದೊಳಗೆ ಮಿರಮಿರ ಮಿಂಚತೊಡಗಿತು. ಒಂದು ಬೆಳಿಗ್ಗೆ ಹೆಂಡತಿ ಕೂಗಿದಳು. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿದೆ. ಗುಲಾಬಿ ಕಡ್ಡಿಯ ಗೆಣ್ಣಿನಲ್ಲಿ ರಾಗಿಕಾಳಿನಷ್ಟು ಕೆಂಪು! ಮಾರನೆಯ ದಿನ ಅದು ತೊಗರಿಕಾಳಿನಷ್ಟಾಯಿತು. ಮೂರನೆಯ ದಿನಕ್ಕೆ ಒಂದು ಕಡ್ಡಿಯಲ್ಲೇ ಏಳು ಚಿಗುರು. ಆಮೇಲೆ ನಮ್ಮನ್ನು ಹಿಡಿಯುವವರೇ ಇಲ್ಲ. ಯಾರು ಮೊದಲು ಎದ್ದು ಹೊಸ ಚಿಗುರು ಕಾಣುತ್ತಾರೋ ಅವರಿಗೆ ಮೊದಲ ಕಾಫಿ ಎಂದಾಯಿತು. ನಂದಿಬಟ್ಟಲು ಚಿಗುರಿತು. ಕರಿಬೇವು ಮುಟ್ಟಿದರೆ ಕೈಯೆಲ್ಲ ಘಮ್ಮೆನ್ನುವಂಥ ಎಳೆಗರಿ ಬಿಚ್ಚಿತು. ಅತ್ತೆ ಊರಿಂದ ತರಿಸಿದ ಚಂದ್ರಿಕೆಯನ್ನು, ಅಂದರೆ ಹುಳುಗಳು ಗೂಡು ಕಟ್ಟುವ ಬಿದಿರು ತಟ್ಟೆಯನ್ನು, ಗೋಡೆಗೆ ಒರಗಿಸಿದ್ದಳು. ಮಲ್ಲಿಗೆ ಅದನ್ನು ಹಿಡಿದು ಹತ್ತಿ, ಫಾಲ್ಗುಣ ಬರುವಷ್ಟರಲ್ಲಿ ತುಂಬ ಮೊಗ್ಗಾಗಿ ನಿಂತಿತು. ಥೇಟ್ ಬಿಳಿ ಗೂಡು! ಅತ್ತೆ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, "ಅಣ್ಣಾದ್ವು, ಎಲ್ಲಾ ಅಣ್ಣಾದ್ವು" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಹಣ್ಣಾಯಿತು ಎನ್ನುವುದು ರೇಷ್ಮೆಯವರ ಮಾತು. ಕೋಪ ಮಾಡಿಕೊಂಡಿದ್ದ ನನಗೂ ನಗು ತಡೆಯಲಾಗದೆ ಒಳಗೆ ಓಡಿಬಂದೆ.

ಸಂಪಿಗೆ ಮಾತ್ರ ಮೋಟಾಗಿಯೇ ನಿಂತಿತ್ತು. ಎಲ್ಲ ಚಿಗುರುಗಳನ್ನೂ ನೋಡಿ ಕೊನೆಗೆ ಆ ಮೂಲೆಗೆ ಬಂದಾಗ ನನ್ನ ಮುಖ ಗಂಟಾಗುತ್ತಿತ್ತು. ಅತ್ತೆ ಮಾತ್ರ ದಿನಕ್ಕೆ ನಾಲ್ಕು ಹೊತ್ತು, ಹುಳುವಿಗೆ ಸೊಪ್ಪು ಕೊಡುವ ಲೆಕ್ಕದಲ್ಲಿ, ಅದರ ಬುಡಕ್ಕೆ ಒಂದೊಂದು ಚೊಂಬು ನೀರು ಹಾಕುತ್ತಿದ್ದಳು.

ಹೋದ ಭಾನುವಾರ ನೀರೊಲೆಗೆ ಸೌದೆ ಸಾಲಲಿಲ್ಲ. ಅತ್ತೆ ಕಡಿದ ಕಡ್ಡಿಗಳು ಹಿತ್ತಲಲ್ಲಿ ಒಣಗಿ ಬಿದ್ದಿದ್ದವು. ರಾಶಿಯ ಅಡಿಯಲ್ಲಿ, ಗೋಣಿಚೀಲದಲ್ಲಿ ಸುತ್ತಿಟ್ಟ ಒಂದು ದಪ್ಪ ಕಾಂಡ ಸಿಕ್ಕಿತು. ಸಂಪಿಗೆಯದು. ಮನಸ್ಸಿಲ್ಲದ ಮನಸ್ಸಿನಿಂದ ಮಚ್ಚು ಹಾಕಿದೆ. ಒಂದೇ ಏಟಿಗೆ ಎರಡು ಹೋಳಾಯಿತು. ಒಳಗೆ ತಿರುಳೇ ಇರಲಿಲ್ಲ. ಕೊರಕ ಹುಳು ಮೇಲಿನಿಂದ ಕೆಳಗಿನವರೆಗೆ ಕೊರೆದು, ಬರೀ ಹೊಟ್ಟು ತುಂಬಿತ್ತು. ಬುಡದ ಕಡೆ ಒಂದು ಗೇಣು ಮಾತ್ರ ಗಟ್ಟಿಯಾಗಿತ್ತು. ಅತ್ತೆಯ ಕುಡುಗೋಲು ಸರಿಯಾಗಿ ಆ ಗಟ್ಟಿ ಜಾಗಕ್ಕೇ ಬಿದ್ದಿತ್ತು.

ಹೋಳು ಹಿಡಿದುಕೊಂಡೇ ಅತ್ತೆಯ ಮುಂದೆ ನಿಂತೆ. ಆಕೆ ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಿ ನೋಡಿ ಮತ್ತೆ ಕಾಯಿಗೆ ಕೈ ಹಾಕಿದಳು.

"ನಿಂಗೆ ಗೊತ್ತಿತ್ತಾ ಅತ್ತೆ?"

"ಬುಡದಲ್ಲಿ ಒಟ್ಟು ಉದುರ್ತಿತ್ತು. ಉಳ ಮೇಯ್ಸಿದೋಳ್ಗೆ ಉಳ ಮೇಯೋದ್ ಗೊತ್ತಾಗಕಿಲ್ವಾ?"

"ಹೇಳಬಾರದಿತ್ತಾ?"

"ದಿನಾ ಅದ್ನ ಮುಟ್ಟಿ ಓಯ್ತಿದ್ದಲ್ಲಪ್ಪ. ನಿಮ್ಮವ್ವನ್ ಗಿಡ ಸಾಯ್ತಾ ಐತೆ ಅಂತ ಎಂಗ್ ಏಳ್ಲಿ? ನನ್ನ ಬೈಕಂಡ್ರೆ ಬೈಕಳ್ಲಿ ಅಂದ್ಕಂಡೆ."

"ಸರಿ, ಮಿಕ್ಕ ಗಿಡಗಳೇನು ಮಾಡಿದ್ವು?"

"ಅದೊಂದ್ನೇ ಕೂಯ್ದಿದ್ರೆ ನಿಂಗೆ ಅನ್ಮಾನ ಬರೋದು. ಅದ್ಕೆ ಎಲ್ಲಾನೂ ಕೂಯ್ದೆ."

"ಕರಿಬೇವೂ?"

"ಅದೂ ಜೊತೇಗಿರ್ಲಿ ಅಂತ."

ನಗಬೇಕೋ ಅಳಬೇಕೋ ತಿಳಿಯದೆ ಅಲ್ಲೇ ಕೂತೆ. ನಾಲ್ಕು ವರ್ಷದಿಂದ ಆಕೆಯನ್ನು ಹುಚ್ಚಿ ಎಂದು ಊರಿಗೆಲ್ಲ ಹೇಳಿಕೊಂಡು ನಗಿಸಿದ್ದೇನೆ. ನಾನು ಆಡಿದ ಆ ಮಾತನ್ನು ನುಂಗಿಕೊಂಡು ಆರು ವಾರ ಮೋಟಿಗೆ ನೀರು ಹಾಕಿದವಳು ಆಕೆ. ತುಂಬ ನಾಚಿಕೆಯಾಯಿತು. "ತಪ್ಪಾಯ್ತು ಅತ್ತೆ" ಎಂದೆ. ಆಕೆ ಕೇಳಿಸದವಳಂತೆ ಎದ್ದು, "ಕಾಲ್ ತೊಳ್ಕಂಡು ಬಾ" ಎಂದಳು.

ಕಾಲು ತೊಳೆದು ಸುಣ್ಣದ ಗೆರೆ ದಾಟಿದೆ. ಅತ್ತೆ ಮಂಡಿ ಹಿಡಿದುಕೊಂಡು ಸಂಪಿಗೆಯ ಮುಂದೆ ಬಾಗಿ, ಒಣಗಿದ ಸಗಣಿಯನ್ನು ಉಗುರಿನಿಂದ ಒಂದಿಷ್ಟು ಸರಿಸಿದಳು. ಅದರ ಕೆಳಗೆ, ತೊಗಟೆ ಸೀಳಿಕೊಂಡು, ಎಳೆ ಹಸಿರಿನ ಒಂದು ಮೊಳಕೆ. ಮೈಮೇಲೆ ರೇಷ್ಮೆಯಂಥ ನವಿರು ಕೂದಲು. ಕೈ ಚಾಚಿದೆ.

"ಮುಟ್ಬ್ಯಾಡ. ಚಾಕಿ ಐತೆ."

ಕೈ ಹಿಂದೆ ತೆಗೆದುಕೊಂಡೆ.

"ಹೂ ಬಿಡೋದು ಯಾವಾಗ ಅತ್ತೆ?"

"ಇದೀಗ ತಾನೇ ಕಣ್ ಬುಟ್ಟೈತೆ. ಇನ್ನೂ ನಾಕೈದು ವರ್ಷ ಆಯ್ತದೆ."

"ಅವ್ವ ಅಂತೂ ಇಲ್ಲ. ಮೊದಲ ಹೂವು ನೀನೇ ಮುಡಿಬೇಕು."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಂಗಾರೆ ಒಸಿ ದಿನ ಇದ್ದೇ ಓಯ್ತೀನಿ ಬುಡು" ಎಂದಳು.

ಅವತ್ತು ಸಂಜೆ ಬೀರುವಿನಲ್ಲಿದ್ದ ಬೀಜದ ಪೊಟ್ಟಣಗಳೆಲ್ಲ ಬ್ಯಾಗಿಗೆ ಹೋದವು. ಬ್ಯಾಗಿನಲ್ಲಿದ್ದ ಸೀರೆಗಳು ಬೀರುವಿಗೆ ಬಂದವು.