ಸೊಂಟದಿಂದ ಬಂದ ಡಾಕ್ಟರೇಟು

ನಮ್ಮ ಸೋದರಮಾವನಿಗೆ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಬಂದದ್ದು ತಲೆಯಿಂದಲ್ಲ, ಸೊಂಟದಿಂದ! ಹೀಗೆಂದರೆ ಅವರು ಮುನಿಸಿಕೊಳ್ಳುತ್ತಾರೆ. ಮುನಿಸಿಕೊಳ್ಳಲಿ ಬಿಡಿ, ಆ ಸೊಂಟಕ್ಕೆ ಎಣ್ಣೆ ಹಚ್ಚಿದವಳು ನಾನು.

ಅರವತ್ತರ ದಶಕದ ಮೊದಮೊದಲು. ಮಾವ ಹಾಸನದಲ್ಲಿ ಕಾಲೇಜು ಮೇಷ್ಟ್ರು. ಭಾನುವಾರ ಅರಕಲಗೂಡಿನ ಮನೆಗೆ ಬಂದರೆ ತಟ್ಟೆಯ ಮುಂದೂ ಅರ್ಥಶಾಸ್ತ್ರವೇ. "ಅಮ್ಮ, ಮೊದಲನೇ ಮುದ್ದೇಲಿರೋ ತೃಪ್ತಿ ಎರಡನೇದ್ರಲ್ಲಿ ಇರಲ್ಲ" ಎಂದು ಕೈ ಅಡ್ಡ ಹಿಡಿಯುವರು. "ಅಂಗಾದ್ರೆ ಎರಡನೇದನ್ನೇ ಮೊದ್ಲು ತಿನ್ನು ಕಣ್ಲಾ!" ಎಂದು ಅಜ್ಜಿ ಬಡಿಸಿಯೇಬಿಡುವಳು. ಈ ವಾದವನ್ನು ಮಾವ ಮೈಸೂರಿನ ತಮ್ಮ ಪ್ರೊಫೆಸರರಿಗೆ ಹೇಳಿದರೆ, ಅವರು ಪುಸ್ತಕದಲ್ಲಿ ಬರೆದುಕೊಂಡರಂತೆ.

ಸಂಶೋಧನೆಯ ಅರ್ಜಿಯಲ್ಲಿ ಮಾವ ಬರೆದ ವಿಷಯ ಎಷ್ಟು ಉದ್ದವಿತ್ತೆಂದರೆ, ತಂದೆಯ ಹೆಸರಿಗೆ ಬಿಟ್ಟ ಜಾಗವನ್ನೂ ಅದೇ ನುಂಗಿತು! ತಿರುಳಿಷ್ಟೇ: ಮುಯ್ಯಾಳು. ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ಕೂಲಿಯಿಲ್ಲದ ಈ ದುಡಿಮೆ ನಮ್ಮ ಸೀಮೆಯಲ್ಲಿ ಇನ್ನೂ ಉಳಿದಿದೆಯೇ?

ನಲವತ್ತು ಪ್ರಶ್ನೆಗಳ ಪಟ್ಟಿ ಹಿಡಿದು ಮಲ್ಲಿಪಟ್ಟಣದ ಗದ್ದೆಬದುವಿನ ಮೇಲೆ ನಿಂತರು. ನಾಟಿಯ ಹೆಂಗಸರಿಗೆ ತಲೆಯೆತ್ತಲು ಪುರುಸೊತ್ತೆಲ್ಲಿ? ಅವರಲ್ಲಿ ಹಿರಿಯಳಾದ ಕಾಳಮ್ಮ ಕೆಸರುಗೈಯಲ್ಲೇ ಕರೆದಳು.

"ನಿಂತ್ಕಂಡು ಕೇಳಿದ್ರೆ ಯೋಳಕ್ಕಾಗಕಿಲ್ಲ ಸಾ. ಬನ್ನಿ, ಬಗ್ಗಿ. ಒಂದು ಸಾಲಿಗೆ ಒಂದು ಪ್ರಶ್ನೆ!"

ಮಾವ ಪಂಚೆ ಎತ್ತಿ ಕಟ್ಟಿ ಇಳಿದರು. ಒಂದೊಂದು ಮನೆಗೂ ನಲವತ್ತು ಸಾಲು! "ಅಂಗೆ ದೂರ ದೂರ ನೆಟ್ರೆ, ನೋಡ್ದೋರು ಪೈರುಗಳು ಮಾತು ಬಿಟ್ಟವೆ ಅಂದ್ಕಂಡಾರು ಸಾ!" ಎಂದು ಹೆಂಗಸರು ನಗುವರು. ಎರಡು ಮಳೆಗಾಲ ಹೀಗೇ ನಡೆಯಿತು; ಹೆಚ್ಚಿನವರು ಕೊಟ್ಟ ಉತ್ತರ ಮಾತ್ರ ಒಂದೇ, ಈಗೆಲ್ಲ ಕೂಲಿಯೇ ಎಂದು. ಸಂಜೆ ಮನೆಯಲ್ಲಿ ಮಾವ ಬೋರಲು ಮಲಗಿ ನರಳುವುದು, ನಾನು ಗೊಣಗುತ್ತ ಎಣ್ಣೆ ತಿಕ್ಕುವುದು.

ಪ್ರಬಂಧ ಒಪ್ಪಿಸಲು ಮಾವ ಎರಡು ಸಲ ಕಾಲಾವಕಾಶ ಕೇಳಿಯಾಗಿತ್ತು. ಇನ್ನು ಕೊಡುವುದಿಲ್ಲವೆಂದು ಮೈಸೂರಿನಿಂದ ಕಾಗದ ಬಂತು. ಆ ಕೊನೆಯ ದಿನವೇ ನಮ್ಮ ಗದ್ದೆಯ ನಾಟಿ! ಸಸಿ ಬಲಿಯುತ್ತಿತ್ತು, ಒಪ್ಪಿದ್ದ ಆಳುಗಳು ಕೈಕೊಟ್ಟಿದ್ದರು, ಅಜ್ಜ ತೀರಿಕೊಂಡು ವರ್ಷವಾಗಿತ್ತು. ಅಜ್ಜಿ ಸೆರಗು ಸಿಕ್ಕಿಸಿ ಒಬ್ಬಳೇ ಹೊರಟಳು. ಮಾವ ಪ್ರಬಂಧದ ಮೂರು ಪ್ರತಿಗಳನ್ನು ಜಗಲಿಯ ಮೇಲಿಟ್ಟರು.

"ಹೋಗ್ಲಿ ಬಿಡಮ್ಮ, ಡಿಗ್ರಿ ಇಲ್ದೆ ಎಷ್ಟು ಜನ ಬದುಕಿಲ್ಲ?" ಎಂದರು. ಪಂಚೆ ಎತ್ತಿ ಕಟ್ಟಿ ಅಜ್ಜಿಯ ಹಿಂದೆ ನಡೆದರು.

ಗದ್ದೆಗೆ ಹೋಗಿ ನೋಡಿದರೆ, ಹನ್ನೆರಡು ಹೆಂಗಸರು ಆಗಲೇ ಬಗ್ಗಿದ್ದಾರೆ! ಮೊದಲ ಬಸ್ಸಿಗೇ ಕಾಳಮ್ಮನ ದಂಡು ಬಂದಿಳಿದಿತ್ತು. "ಇವತ್ತು ನಾಟಿ ಅಂತ ನೀವೇ ಯೋಳಿದ್ರಲ್ಲ ಸಾ?"

"ಕಾಳಮ್ಮ, ನಾನು ಮಾಡಿದ್ದು ಸಂಶೋಧನೆ, ಮುಯ್ಯಿ ಅಲ್ಲ..."

"ಅದೆಂತದೋ ಕಾಣೆ. ನಮ್ ಗದ್ದೇಲಿ ಬಗ್ಗಿದ್ದು ಬಗ್ಗಿದ್ದೇಯ. ಓಗಿ ಸಾ, ಬಸ್ಸು ತಪ್ಪೋಯ್ತದೆ!"

ಮಾವ ಮನೆಗೆ ಓಡಿ, ಪ್ರತಿಗಳನ್ನೆತ್ತಿಕೊಂಡು ಮೈಸೂರಿನ ಬಸ್ಸು ಹಿಡಿದರು. ಹೊಳೆನರಸೀಪುರ ದಾಟುವಷ್ಟರಲ್ಲಿ ಮೂರೂ ಪ್ರತಿಗಳ ಕೊನೆಯ ಪುಟ ತೆರೆದು, 'ಈ ಪದ್ಧತಿ ಈಗ ಉಳಿದಿಲ್ಲ' ಎಂಬ ಸಾಲನ್ನು ಹೊಡೆದುಹಾಕಿದರಂತೆ. ಬಸ್ಸಿನ ಕುಲುಕಾಟಕ್ಕೆ ಗೆರೆಯೆಲ್ಲ ಸೊಟ್ಟ. ಮೌಖಿಕ ಪರೀಕ್ಷೆಯಲ್ಲಿ "ಇದೇನಪ್ಪ ಗೀಚಿದ್ದು?" ಎಂದು ಕೇಳಿದರೆ, "ಸಾಕ್ಷಿ ಆವತ್ತು ಬೆಳಗಿನ ಬಸ್ಸಿಗೆ ಬಂತು ಸರ್" ಎಂದರಂತೆ.

ಡಾಕ್ಟರೇಟ್ ಬಂತು. ಮುಂದಿನ ಮಳೆಗಾಲ ಮಾವ ಮತ್ತೆ ಮಲ್ಲಿಪಟ್ಟಣದ ಬಸ್ಸು ಹತ್ತಿದರು. ಕೈಯಲ್ಲಿ ಒಂದು ಪ್ರಶ್ನೆಯೂ ಇರಲಿಲ್ಲ. ಸಂಜೆ ಬಂದವರೇ ಬೋರಲು ಮಲಗಿದರು. ಅವರ ಮೇಲೆ ನನಗೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಎಣ್ಣೆ ಬಟ್ಟಲು ತಂದು, ಆ ಸಲ ಗೊಣಗದೆ ಹಚ್ಚಿದೆ.