ಹೆದರಿದ ಮುಖಕ್ಕೊಂದು ಎಮ್ಮೆ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ನಮ್ಮ ಗ್ರಹಚಾರ ಕೆಟ್ಟದ್ದು ಸರಿಯಾಗಿ ಆಗ. ಇಷ್ಟು ಕರಾರುವಾಕ್ಕಾಗಿ ಹೇಗೆ ಹೇಳುತ್ತೀಯ ಎಂದರೆ, ಚಿತ್ರ ತೆಗೆಯಲೆಂದು ಊರಾಚೆಯ ಬಂಡೆಯ ಯಾವ ಮಗ್ಗುಲಿಗೆ ಎಷ್ಟು ಹೊತ್ತಿಗೆ ಬಿಸಿಲು ಬೀಳುತ್ತದೆಂದು ಬರೆದಿಡುವ ಕೆಲಸ ನನ್ನದಾಗಿತ್ತು. ಆ ಪುಟದಲ್ಲಿ ಹತ್ತು ಇಪ್ಪತ್ತರ ಕೆಳಗೆ ಏನೂ ಇಲ್ಲ. ಆಮೇಲೆ ನಾನು ಬರೆಯುವ ಸ್ಥಿತಿಯಲ್ಲಿರಲಿಲ್ಲ!

ನನ್ನ ಸೋದರಮಾವನನ್ನು ನಂಬಿ ಹಾಳಾದವರು ಯಾರೂ ಇಲ್ಲ. ಊದಿಕೊಂಡವರು ಇದ್ದೇವೆ, ಅಷ್ಟೆ.

ಮಾವನಿಗೆ ಕ್ಲೋಸ್‌ಪೇಟೆಯಲ್ಲಿ, ಅಂದರೆ ಈಗ ನೀವು ರಾಮನಗರ ಎನ್ನುವ ಊರಿನಲ್ಲಿ, ಬೆಲ್ಲದ ಅಂಗಡಿ ಇತ್ತು. ಬೆಲ್ಲ ಮಾರಿಕೊಂಡು ಸುಖವಾಗಿರಬೇಕಾದ ಮನುಷ್ಯ ಒಂದು ದಿನ ಮಾಗಡಿಯ ಡೇರೆಯಲ್ಲಿ ಬಯಸ್ಕೋಪು ನೋಡಿ ಬಂದರು. ಮಾರನೆಯ ವಾರ ಹಟ್ಟಿಯಲ್ಲಿದ್ದ ಹಾಲು ಕರೆಯುವ ಎಮ್ಮೆ ಕಾಣೆ! ಅದರ ಗೂಟದ ಪಕ್ಕದಲ್ಲಿ ಹಿತ್ತಾಳೆಯ ಹಿಡಿ ಇದ್ದ ಒಂದು ಮರದ ಪೆಟ್ಟಿಗೆ. ಡೇರೆಯವನು ಎಮ್ಮೆ ಹೊಡೆದುಕೊಂಡು ಹೋಗಿ, ಕ್ಯಾಮೆರಾ ಬಿಟ್ಟುಹೋಗಿದ್ದ.

ಅತ್ತೆ ಪೆಟ್ಟಿಗೆಯನ್ನು ಸುತ್ತಿ ಬಂದು ಕೇಳಿದರು: "ಇದು ಹೊತ್ತಿಗೆ ಎಷ್ಟು ಸೇರು ಕರೀತದೆ?"

"ಇದು ಮನಸ್ಸನ್ನೇ ಕರೀತದೆ ಕಣೇ!"

"ಹಂಗಾರೆ ನಾಳೆಯಿಂದ ಕಾಫಿಗೆ ಅದನ್ನೇ ಬುಟ್ಕೊಳ್ಳಿ."

ನನಗೆ ಆಗಷ್ಟೇ ಬಿ.ಎ. ಆಗಿತ್ತು. ಮೈಸೂರಿನಿಂದ ತಂದಿದ್ದ ಮನಶ್ಶಾಸ್ತ್ರದ ಪುಸ್ತಕವನ್ನು ಮಾವ ಕೈಗೆತ್ತಿಕೊಂಡರು. ಓದಿದ್ದು ಎರಡೇ ಪುಟ. ಆದರೆ ಆ ಎರಡು ಪುಟದಲ್ಲಿ ಅವರು ಕಂಡದ್ದನ್ನು ನಮ್ಮ ಪ್ರೊಫೆಸರರೂ ಕಂಡಿರಲಾರರು! ಅಲ್ಲಿಂದಲೇ ಚಿತ್ರದ ಕಥೆ ಹುಟ್ಟಿತು: ಒಬ್ಬ ರೈತನಿಗೆ ತನ್ನ ಬೆನ್ನ ಹಿಂದೆ ಯಾರೋ ಇದ್ದಾರೆಂಬ ಭಯ. ತಿರುಗಿ ನೋಡಿದರೆ ಯಾರೂ ಇಲ್ಲ. ಮುಗಿಯಿತು.

ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಬುಡನ್ ಸಾಬರು ಮಾವನ ಆಪ್ತ ಸ್ನೇಹಿತರು. ಕಥೆ ಕೇಳಿ ಗಡ್ಡ ನೀವಿಕೊಂಡರು.

"ಹಿಂದೆ ದೆವ್ವ ಐತಾ ಸ್ವಾಮಿ?"

"ಇಲ್ಲ."

"ಹುಲಿ?"

"ಇಲ್ಲ."

"ಮತ್ತೆ ಆವಯ್ಯ ಯಾತಕ್ಕೆ ಹೆದರ್ತಾನೆ?"

"ಅದೇ ಸೈಕಾಲಜಿ ಕಣಯ್ಯಾ!"

ಸಾಬರಿಗೆ ಅರ್ಥವಾಗಲಿಲ್ಲ. ಆದರೂ ಸ್ನೇಹಕ್ಕೆ ಕಟ್ಟುಬಿದ್ದು ಕ್ಯಾಮೆರಾಕ್ಕೆ ಮೂರು ಕಾಲು ಕಡೆದುಕೊಟ್ಟರು. ಕೈ ಅಭ್ಯಾಸ ಬಿಡುತ್ತದೆಯೇ? ಅದಕ್ಕೂ ಕೆಂಪು, ಹಳದಿ ಅರಗು ಬಳಿದರು. ಪೆಟ್ಟಿಗೆ ಅದರ ಮೇಲೆ ಕೂತಾಗ ಯಾವುದೋ ದೈತ್ಯಶಿಶುವಿನ ಆಟಿಕೆಯಂತೆ ಕಾಣುತ್ತಿತ್ತು!

ರೈತನ ಪಾತ್ರಕ್ಕೆ ನಾನು. "ಬಿ.ಎ. ಮಾಡಿ ಕೆಲಸ ಇಲ್ದೆ ಕುಂತೋನ ಮುಖದಲ್ಲಿ ಸೈಕಾಲಜಿ ತಾನಾಗೇ ಐತೆ" ಎಂದರು ಮಾವ. ಆದರೆ ನನ್ನ ಮುಖಕ್ಕೆ ಭಯ ಬರಲೊಲ್ಲದು. ಒಂದು ವರ್ಷ ಅವರು ಆ ಮುಖಕ್ಕಾಗಿ ಪಟ್ಟ ಪಾಡು ಒಂದೆರಡಲ್ಲ. ಬಾಗಿಲ ಸಂದಿಯಿಂದ ಕೂಗಿ ಬೆಚ್ಚಿಬೀಳಿಸಿದರು. ಉಣ್ಣುವಾಗ ತಟ್ಟೆಯ ಪಕ್ಕಕ್ಕೆ ಓತಿಕ್ಯಾತ ಬಿಟ್ಟರು. ಕೊನೆಗೆ, "ನಿನ್ ಪರೀಕ್ಷೆ ಲೆಕ್ಕ ತಪ್ಪಾಗೈತಂತೆ, ನೀನು ಫೇಲಂತೆ" ಎಂದು ಸುಳ್ಳು ಹೇಳಿ, ನನ್ನ ಮುಖವನ್ನು ಹತ್ತಿರದಿಂದ ನೋಡಿ ತಲೆಯಾಡಿಸಿದರು. "ಥೂ, ಇದು ದುಃಖ ಕಣ್ಲಾ. ನಂಗೆ ಭಯ ಬೇಕು."

ಫಿಲ್ಮು ಇದ್ದದ್ದು ಒಂದೇ ಡಬ್ಬ. ತಪ್ಪಿದರೆ ಮಾರಲು ಇನ್ನೊಂದು ಎಮ್ಮೆ ಇರಲಿಲ್ಲ.

ಊರಾಚೆಯ ದೊಡ್ಡ ಬಂಡೆಯ ಬುಡದಲ್ಲಿ ಚಿತ್ರ ತೆಗೆಯುವುದೆಂದಾಯಿತು. ರೈತನ ಮನಸ್ಸಿಗೆ ಕವಿದ ಮಂಜನ್ನು ತೋರಿಸಬೇಕಲ್ಲ? ಬೊಂಬೆ ಕಡೆದಾಗ ಉದುರುವ ಮರದ ಹೊಟ್ಟು, ಅರಗಿನ ಚೂರು, ಎಲ್ಲ ಸೇರಿಸಿ ಸಾಬರು ಒಂದು ಮೂಟೆ ತಂದಿದ್ದರು. ಅದನ್ನು ಒಸಿ ನೆನೆಸಿ ಸುಟ್ಟರೆ ಹೊಗೆ ಗಾಳಿಗೂ ಜಗ್ಗದೆ ದಪ್ಪಗೆ ನಿಲ್ಲುತ್ತದಂತೆ.

ಬಂಡೆಯ ಹೊಟ್ಟೆಗೆ ಆಳುದ್ದದ ಹೆಜ್ಜೇನಿನ ಹುಟ್ಟುಗಳು ಜೋತುಬಿದ್ದಿದ್ದವು. ನಾನು ಬೆರಳು ತೋರಿಸಿದೆ.

"ಜೇನು ಕೀಳೋರು ಏನ್ ಮಾಡ್ತಾರ್ಲಾ? ಹೊಗೆ ತಾನೇ ಹಾಕೋದು? ಹೊಗೆಗೆ ಅವು ಮಂಕಾಗ್ತವೆ" ಎಂದರು ಮಾವ.

ಜೇನು ಕೀಳುವವರು ಅರಗು ಸುಡುವುದಿಲ್ಲ ಎಂಬುದು ನಮಗೆ ಮೂವರಿಗೂ ಹೊಳೆಯಲಿಲ್ಲ!

ಹತ್ತು ಇಪ್ಪತ್ತು. ನಾನು ಗಡಿಯಾರ ನೋಡಿ ಬರೆದಿಟ್ಟು ಬಂಡೆಯ ಮುಂದೆ ನಿಂತೆ. ಸಾಬರು ಕಿಡಿ ಹಚ್ಚಿದರು. ಮಾವ ಕ್ಯಾಮೆರಾಕ್ಕೆ ಹೊದಿಸಿದ್ದ ಕಂಬಳಿಯನ್ನು ಪಕ್ಕಕ್ಕೆಸೆದು ಹಿಡಿ ತಿರುಗಿಸತೊಡಗಿದರು. ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಬಂಡೆ ಒಮ್ಮೆ ಉಸಿರೆಳೆದುಕೊಂಡಂತಾಯಿತು. ಬೆನ್ನ ಹಿಂದೆ ಅದೆಂಥದೋ ಮೊರೆತ. ಈಗಲೂ ಯಾರಾದರೂ ಹೊಲಿಗೆ ಯಂತ್ರ ತುಳಿದರೆ ನಾನು ಎದ್ದು ನಿಲ್ಲುತ್ತೇನೆ. ಅಂದು ತಿರುಗಿ ನೋಡಿದೆ. ಮತ್ತೆ ಕ್ಯಾಮೆರಾದ ಕಡೆ ಮುಖ ಮಾಡಿ ಬಾಯಿ ತೆರೆದೆ.

"ಭೇಷ್! ಅದೇ ಮುಖ! ಅದೇ ಕಣ್ಲಾ!" ಮಾವ ಕುಣಿದಾಡುತ್ತಿದ್ದರು.

ಅಷ್ಟೇ ನನಗೆ ನೆನಪು. ಕತ್ತಿಗೆ ಕೆಂಡ ಸುರಿದಂತಾಯಿತು, ಬಿದ್ದೆ. ಎಚ್ಚರವಾದಾಗ ಕಂಬಳಿಯೊಂದರ ಕೆಳಗೆ ಬೋರಲಾಗಿದ್ದೆ. ನನಗೆ ಕಚ್ಚಿದ್ದು ಹದಿನೇಳು. ಆಮೇಲೆ ಮನೆಯಲ್ಲಿ ಮಾವನ ಮೈಯಿಂದ ಮುಳ್ಳು ಕೀಳುತ್ತಿದ್ದ ಅತ್ತೆ ಇನ್ನೂರರ ಮೇಲೆ ಎಣಿಸುವುದನ್ನು ಬಿಟ್ಟು ಅಳತೊಡಗಿದರು.

ಮೂರು ದಿನ ಮಾವನಿಗೆ ಪ್ರಜ್ಞೆ ಸರಿಯಾಗಿರಲಿಲ್ಲ. ಉಳಿಯುವುದು ಕಷ್ಟವೆಂದು ಡಾಕ್ಟರರು ಅತ್ತೆಗೆ ಕೇಳದಂತೆ ನನಗೆ ಹೇಳಿದರು. ನಾಲ್ಕನೆಯ ದಿನ ಒಂದು ಕಣ್ಣು ಸೀಳಿನಷ್ಟು ತೆರೆಯಿತು. ಸಾಬರು ಬಗ್ಗಿ ನೋಡಿ, "ಇಂಥ ಬೊಂಬೆ ನಾನೂ ಕಡೆದಿಲ್ಲ ಸ್ವಾಮಿ" ಎಂದು ನಗಿಸಲು ಹೋಗಿ ತಾವೇ ಕಣ್ಣೊರೆಸಿಕೊಂಡರು.

ಮಾವ ಉಳಿದರು. ಆದರೆ ನನ್ನೊಳಗೆ ಒಂದು ಮುಳ್ಳು ಉಳಿದೇಹೋಯಿತು. ನಾನು ಬೀಳುತ್ತಿದ್ದಾಗ ಈ ಮನುಷ್ಯ ಹಿಡಿ ತಿರುಗಿಸುತ್ತಲೇ ಇದ್ದನೇ? ಒಂದು ವರ್ಷ ಕಾದ ಮುಖ ಸಿಕ್ಕಾಗ ಬಿಟ್ಟಾನೆಯೇ? ಕಂಬಳಿ ಹೊದಿಸಿದ್ದು ಸಾಬರೇ ಇರಬೇಕೆಂದುಕೊಂಡಿದ್ದೆ. ಕೇಳಿದರೆ, "ನಾನು ಲಾಂಟಾನ ಪೊದೆಯೊಳಗೆ ಕಣ್ಮುಚ್ಕೊಂಡಿದ್ದೆ ತಮ್ಮಾ" ಎಂದುಬಿಟ್ಟರು. ಮಾವನನ್ನು ಕೇಳಲು ಬಾಯಿ ಬರಲಿಲ್ಲ. ಕಣ್ಣು ಮುಚ್ಚಿದರೆ ಮೊರೆತ. ಅತ್ತ ಮಾವನಿಗೂ ನಿದ್ದೆಯಿಲ್ಲ. ಗಳಿಗೆಗೊಮ್ಮೆ ಎದ್ದು ಬಂದು ನನ್ನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿ ಹೋಗುತ್ತಿದ್ದರು.

ಎರಡು ತಿಂಗಳ ಮೇಲೆ ಫಿಲ್ಮು ಬೆಂಗಳೂರಿನಿಂದ ತೊಳೆದು ಬಂತು. ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿ, ಬೆಲ್ಲದ ಮೂಟೆಗಳ ಮೇಲೆ ಕೂತು, ಅದೇ ಪೆಟ್ಟಿಗೆಯ ಹಿಂದೆ ದೀಪವಿಟ್ಟು ಅತ್ತೆಯ ಬಿಳಿ ಸೀರೆಯ ಮೇಲೆ ನೋಡಿದೆವು. ಹೊಗೆ. ನಾನು. ಬಂಡೆಯಿಂದ ಇಳಿಯುವ ಕಪ್ಪು ಮೋಡ. ನಾನು ತಿರುಗುತ್ತೇನೆ. ಅಬ್ಬಾ, ಆ ಮುಖ! ನೋಡಬೇಕೆನ್ನುವಷ್ಟರಲ್ಲಿ ಸೀರೆ ಬೆಳ್ಳಗಾಯಿತು.

"ಇಷ್ಟೇನಾ ಮಾವ? ರೀಲು ಮುಗಿದುಹೋಗಿತ್ತಾ?"

"ಎಲ್ಲಿ ಮುಗೀತು? ಅರ್ಧ ಡಬ್ಬ ಹಂಗೇ ಉಳ್ಕಂಡೈತೆ."

"ಮತ್ತೆ?"

ಮಾವ ದೀಪ ಆರಿಸಿದರು. "ಕಂಬಳಿ ಎಳ್ಕೊಳ್ಳೋಕೆ ಕೈ ಬೇಕಿತ್ತಲ್ಲೋ."

ಅದು ಶುಕ್ರವಾರ. ಶನಿವಾರ ಬಿಸಿಲು ಮುಖಕ್ಕೆ ಬಿದ್ದಾಗ ಎದ್ದೆ. ಮಾವ ಇನ್ನೂ ಗೊರಕೆ ಹೊಡೆಯುತ್ತಿದ್ದರು.