ಕಾರಿಲ್ಲದ ಅತ್ತೆಯ ಪಾರ್ಕಿಂಗ್ ತಕರಾರು

ನಮ್ಮ ಅತ್ತೆಗೆ ಕಾರಿಲ್ಲ, ಸ್ಕೂಟರಿಲ್ಲ, ಸೈಕಲ್ ತುಳಿಯಲೂ ಬರುವುದಿಲ್ಲ. ಆದರೆ ಇಡೀ ಬಸವೇಶ್ವರನಗರದಲ್ಲಿ ಪಾರ್ಕಿಂಗ್ ವಿಷಯಕ್ಕೆ ಅವರಷ್ಟು ಜಗಳವಾಡಿದವರು ಇನ್ನೊಬ್ಬರಿದ್ದರೆ ದಯವಿಟ್ಟು ನನಗೆ ತಿಳಿಸಿ. ಅವರಿಗೂ ದೂರದಿಂದಲೇ ಒಂದು ನಮಸ್ಕಾರ ಹಾಕಿಬಿಡುತ್ತೇನೆ.

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಲಗ್ಗೆರೆಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ನಿವೃತ್ತಿಯಾದ ಮೇಲೆ ತಿದ್ದಲು ಉತ್ತರಪತ್ರಿಕೆ ಎಲ್ಲಿಂದ ಬರಬೇಕು? ಹಾಗಾಗಿ ಊರನ್ನೇ ತಿದ್ದಲು ಹೊರಟರು. ಬ್ಯಾಗಿನಲ್ಲಿ ಕನ್ನಡಕದ ಪಕ್ಕ ಒಂದು ಅಳತೆ ಟೇಪು ಸದಾ ಇರುತ್ತದೆ. ನನ್ನ ನಿಶ್ಚಿತಾರ್ಥದ ದಿನ ಛತ್ರದ ಮುಂದಿನ ಜಾಗವನ್ನು ಅಳೆದು, ಗೇಟಿಗೆ ಒಂದೂವರೆ ಅಡಿ ಅಡ್ಡವಾಗಿದೆ ಎಂದು ಬೀಗರ ಕಾರನ್ನೇ ತೆಗೆಸಿದ್ದರು. ನನ್ನ ಹೆಂಡತಿಯ ತಂದೆಗೆ ಮೊದಲ ಭೇಟಿಯಲ್ಲಿ ನನ್ನ ಹೆಸರು ನೆನಪಿನಲ್ಲಿ ಉಳಿಯಲಿಲ್ಲವಂತೆ. ಅತ್ತೆಯ ಹೆಸರನ್ನು ಮಾತ್ರ ಅವರು ಇವತ್ತಿಗೂ ಮರೆತಿಲ್ಲ.

ಇಂಥ ಅತ್ತೆಯ ಮನೆಯಿಂದ ಎರಡು ನಿಮಿಷ ನಡೆದರೆ ಮೇನ್ ರೋಡು. ಅಲ್ಲೊಂದು ಹಳೆಯ ಸೂಪರ್ ಮಾರ್ಕೆಟ್ ಇತ್ತು. ಕೆಳಗೆ ಅಕ್ಕಿ ಬೇಳೆ, ಮೇಲೆ ಬಕೆಟ್ಟು, ಕುಕ್ಕರು. ಬಡಾವಣೆ ಆಗುವ ಮುಂಚೆ ಆ ಜಾಗದಲ್ಲಿ ಮಾಲೀಕರ ತಾತ ರಾಗಿ ಬೆಳೆಯುತ್ತಿದ್ದರಂತೆ. ಈಗ ಅಂಗಡಿ ನಡೆಸುವ ಮೊಮ್ಮಗ ಮೃದು ಮಾತಿನ ಮನುಷ್ಯ. ಹಳೆಯ ಕಟ್ಟಡ ಕೆಡವಿ ನಾಲ್ಕು ಅಂತಸ್ತು ಕಟ್ಟುತ್ತೇನೆ, ಬೇಸ್‌ಮೆಂಟಿನಲ್ಲಿ ಮೂವತ್ತು ಕಾರು ನಿಲ್ಲುತ್ತವೆ ಎಂದು ಅವನು ಹೇಳಿದಾಗ ರಸ್ತೆಯವರೆಲ್ಲ ಖುಷಿಪಟ್ಟರು. ರಾತ್ರಿ ಹೊತ್ತು ಅಕ್ಕಪಕ್ಕದವರೂ ಅಲ್ಲೇ ಕಾರು ಬಿಡಬಹುದು ಎಂದಾಗ ಇನ್ನೂ ಖುಷಿಪಟ್ಟರು. ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ನಿವಾಸಿಗಳ ಸಂಘದ ಅಧ್ಯಕ್ಷರು. ಅವರಿಗೆ ಕಾರು ಮೂರು, ಗೇಟು ಒಂದು.

ಅತ್ತೆ ಪಾಲಿಕೆಗೆ ಅರ್ಜಿ ಹಾಕಿ ಕಟ್ಟಡದ ನಕ್ಷೆಯ ಪ್ರತಿ ತರಿಸಿಕೊಂಡರು. ಒಂದು ವಾರ ಅದನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತರು. ಅತ್ತೆಯ ಗಂಡ, ನಮ್ಮ ಮಾವ, ಪಾಪ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡಿದರು. ವಾರದ ಕೊನೆಗೆ ಅತ್ತೆ ಸಂಘದ ಸಭೆಯಲ್ಲಿ ಎದ್ದು ನಿಂತು, ಈ ಬೇಸ್‌ಮೆಂಟಿಗೆ ಕಾರುಗಳು ಒಳಗೆ ಹೋಗುತ್ತವೆ, ಆಚೆ ಬರುವುದಿಲ್ಲ ಎಂದು ಘೋಷಿಸಿದರು.

ಇಂಜಿನಿಯರ್ ಹಾಕಿದ ಪ್ಲಾನು ಮೇಡಮ್ ಅದು, ಅಂದರು ಅಧ್ಯಕ್ಷರು.

"ಇಂಜಿನಿಯರ್‌ಗೂ ಯಾರೋ ಗಣಿತ ಹೇಳ್ಕೊಟ್ಟಿರ್ತಾರೆ ಸಾರ್. ಆವತ್ತು ಆ ಹುಡುಗ ರಜಾ ಹಾಕಿರ್ಬೇಕು," ಅಂದರು ಅತ್ತೆ.

ಬಾಯಿಮಾತಿಗೆ ಯಾರೂ ಬಗ್ಗಲಿಲ್ಲ. ಮುಂದಿನ ಭಾನುವಾರ ಬೆಳಗ್ಗೆ ಅತ್ತೆ ಹತ್ತಿರದ ಆಟದ ಮೈದಾನಕ್ಕೆ ಹೊರಟರು. ಟೇಪಿನ ಇನ್ನೊಂದು ತುದಿ ಹಿಡಿಯಲು ನಾನು, ರಂಗೋಲಿ ಪುಡಿಯ ಚೀಲ ಹೊರಲು ಮಾವ. ಎರಡು ಗಂಟೆಯಲ್ಲಿ ಬೇಸ್‌ಮೆಂಟಿನ ಒಂದು ಮೂಲೆ ನಿಜವಾದ ಅಳತೆಯಲ್ಲೇ ನೆಲದ ಮೇಲೆ ಮೂಡಿತು. ಗೋಡೆಗೆ ರಂಗೋಲಿ ಗೆರೆ, ಕಂಬಕ್ಕೆ ಅಡುಗೆಮನೆಯ ಸ್ಟೂಲು. ಎಂಟು ಕಾರು ಹಿಡಿಯಬೇಕಾದ ಮೂಲೆ ಅದು. ನಮ್ಮ ರಸ್ತೆಯವರು ಎಂಟು ಕಾರು ತಂದೇ ತಂದರು. ಸತ್ಯ ತಿಳಿಯುವ ಆಸೆಗಿಂತ ಅತ್ತೆ ಸೋಲುವುದನ್ನು ನೋಡುವ ಆಸೆ ಅವರಿಗೆ ಹೆಚ್ಚಿತ್ತು ಎಂದು ನನ್ನ ಗುಮಾನಿ.

ಮೊದಲ ನಾಲ್ಕು ಸಲೀಸಾಗಿ ಹೋದವು. ಐದನೆಯದು ಒಂದು ಕಂಬಕ್ಕೆ ತಾಗಿ ಸ್ಟೂಲಿನ ಕಾಲು ಮುರಿಯಿತು. ಎಂಟನೆಯದು ಹೇಗೋ ತೂರಿಕೊಂಡಿತು. ಆಗ ಅತ್ತೆ, ಮೊದಲು ಬಂದವರು ಈಗ ಹೊರಡಿ ಅಂದರು. ಮೊದಲು ಬಂದವರು ಅಧ್ಯಕ್ಷರು. ಅವರಿಗೆ ವಿಜಯನಗರದಲ್ಲಿ ಒಂದು ನಾಮಕರಣಕ್ಕೆ ಹೋಗುವುದಿತ್ತು. ಹಿಂದೆ ಬಂದರು, ಮುಂದೆ ಹೋದರು, ಮತ್ತೆ ಹಿಂದೆ ಬಂದರು. ಕೊನೆಗೆ ಬೇಸತ್ತು ಗೆರೆಯ ಮೇಲೆ ಹತ್ತಿಸಲು ಹೊರಟಾಗ ಅತ್ತೆ ಕಾರಿನ ಮುಂದೆ ಬಂದು ನಿಂತರು.

"ಅದು ಗೋಡೆ ಸಾರ್."

"ರಂಗೋಲಿ ಮೇಡಮ್ ಅದು."

"ನಾಳೆ ಗೋಡೆ ಆಗತ್ತಲ್ಲ."

ಸುತ್ತ ನಿಂತಿದ್ದ ಜನರ ಮುಂದೆ ರಂಗೋಲಿ ತುಳಿಯಲು ಅಧ್ಯಕ್ಷರಿಗೂ ಧೈರ್ಯ ಬರಲಿಲ್ಲ. ಮುಕ್ಕಾಲು ಗಂಟೆ ಅವರು ಆ ಪುಡಿ ಗೋಡೆಗಳ ನಡುವೆ ಬಂದಿಯಾಗಿದ್ದರು. ಯಾರೋ ಕಿಟಕಿಯಿಂದ ಇಡ್ಲಿ ಕೊಟ್ಟರು. ಮಗುವಿಗೆ ಅವರಿಲ್ಲದೆಯೇ ಹೆಸರಿಡಲಾಯಿತು.

ಅಂಗಡಿಯ ಮಾಲೀಕನೂ ಬಂದು ಇದನ್ನೆಲ್ಲ ಕೈಕಟ್ಟಿ ನೋಡುತ್ತಿದ್ದ. ಒಂದು ಫೋಟೋ ತೆಗೆದುಕೊಂಡು ಹೋದ. ಎರಡು ವಾರಕ್ಕೆ ಹೊಸ ನಕ್ಷೆ ಬಂತು. ಕಂಬಗಳು ಜಾಗ ಬದಲಾಯಿಸಿದ್ದವು, ಮೂವತ್ತು ಕಾರು ಇಪ್ಪತ್ತಾಗಿದ್ದವು. ಲೆಕ್ಕ ಸರಿಹೋಯಿತಲ್ಲ, ಅತ್ತೆ ಇನ್ನು ಸುಮ್ಮನಾಗುತ್ತಾರೆ ಎಂದು ಎಲ್ಲರಂತೆ ನಾನೂ ಅಂದುಕೊಂಡೆ.

ಅತ್ತೆ ಸುಮ್ಮನಾಗಲಿಲ್ಲ. ಕಾರಿನ ಲೆಕ್ಕ ಮುಗಿಯಿತು, ನಡೆಯುವವರ ಲೆಕ್ಕ ಬಾಕಿ ಇದೆ ಎಂದು ಪಾಲಿಕೆಗೆ ತಕರಾರು ಅರ್ಜಿ ಕೊಟ್ಟರು. ಹೊಸ ನಕ್ಷೆಯಲ್ಲೂ ಬೇಸ್‌ಮೆಂಟಿಗೆ ಇಳಿಯುವ ದಾರಿ ನೇರವಾಗಿ ಫುಟ್‌ಪಾತನ್ನು ಕತ್ತರಿಸಿಕೊಂಡು ಹೋಗುತ್ತಿತ್ತು. ಅಂಗಡಿಯ ಮೆಟ್ಟಿಲುಗಳು ರಸ್ತೆಯ ಅಂಚಿನವರೆಗೂ ಚಾಚಿದ್ದವು. ಆದರೆ ಕಟ್ಟಡ ಹಿಂದೆ ಸರಿದರೆ ಕಾರಿನ ಜಾಗ ಇನ್ನೂ ಕಡಿಮೆಯಾಗುತ್ತದೆ. ಇಷ್ಟು ದಿನ ನಗುತ್ತಿದ್ದ ರಸ್ತೆಯವರು ಈಗ ನಗಲಿಲ್ಲ. ಇದು ಅವರೊಬ್ಬರ ಅಭಿಪ್ರಾಯ, ನಮಗೂ ಇದಕ್ಕೂ ಸಂಬಂಧವಿಲ್ಲ ಎಂದು ಸಂಘದವರು ಪಾಲಿಕೆ ಕಚೇರಿಗೆ ಪತ್ರ ಬರೆದರು. ಕೆಳಗೆ ಸಹಿ ಹಾಕಿದವರಲ್ಲಿ ಅತ್ತೆಯ ಮನೆಗೆ ದಿನಾ ಕರಿಬೇವಿಗೆ ಬರುವವರೂ ಇದ್ದರು. ಆ ಪತ್ರವನ್ನು ಓದಿ ಮಡಚಿಟ್ಟ ಸಂಜೆ ಅತ್ತೆ ಯಾರನ್ನೂ ಬೈಯಲಿಲ್ಲ. ಅವರು ಬೈಯದೇ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಭಯವಾಯಿತು.

ಪಾಲಿಕೆಯಲ್ಲಿ ವಿಚಾರಣೆಯ ದಿನ ನಮ್ಮ ಕಡೆ ಇದ್ದವರು ನಾವು ಮೂವರೇ. ಅಧಿಕಾರಿ ಕಾಗದ ತಿರುವಿ, ನಿಮ್ಮ ಹತ್ತಿರ ಯಾವ ಗಾಡಿ ಇದೆ ಎಂದು ಕೇಳಿದರು. ಯಾವುದೂ ಇಲ್ಲ ಅಂದರು ಅತ್ತೆ. ಹಾಗಾದರೆ ನಿಮಗೇನು ತೊಂದರೆ ಎಂಬಂತೆ ಅವರು ಕನ್ನಡಕ ತೆಗೆದು ನೋಡಿದರು. ಅತ್ತೆ ಹೊಲಿದು ತಂದಿದ್ದ ಹದಿನಾರು ಪುಟದ ಮನವಿಯನ್ನು ತೆಗೆಯಲೇ ಇಲ್ಲ.

"ನನ್ನ ಜೊತೆ ಮೂಲೆಯಿಂದ ಬಸ್ ಸ್ಟಾಪ್ ತನಕ ಒಂದೇ ಒಂದ್ಸಲ ನಡೀರಿ ಸಾರ್. ಆಮೇಲೆ ಏನ್ ಬರೀತೀರೋ ಬರೀರಿ, ನಾನು ಕೇಳಲ್ಲ."

ಆ ಪುಣ್ಯಾತ್ಮ ಬಂದರು. ಒಂದು ಸಂಜೆ ಅಧಿಕಾರಿ, ಅತ್ತೆ, ಅವರ ಹಿಂದೆ ಮಾಲೀಕ ಮತ್ತು ನಾನು, ಸಾಲಾಗಿ ನಡೆದೆವು. ಸಾಲಾಗಿ ಅಲ್ಲದೆ ಬೇರೆ ಹೇಗೂ ನಡೆಯಲು ಅಲ್ಲಿ ಜಾಗವಿರಲಿಲ್ಲ. ನಿಂತ ಬೈಕು, ನಿಂತ ಕಾರು, ಅಂಗಡಿಯ ಬೋರ್ಡು. ಪ್ರತಿ ಸಲ ರಸ್ತೆಗೆ ಇಳಿದಾಗಲೂ ಅತ್ತೆ ಮಗ್ಗಿ ಹೇಳಿಸುವವರ ಹಾಗೆ ಜೋರಾಗಿ ಎಣಿಸಿದರು. ಒಂಬತ್ತನೆಯ ಸಲ ಬಸ್ಸೊಂದು ಹಾರ್ನ್ ಹೊಡೆದ ರಭಸಕ್ಕೆ ಅಧಿಕಾರಿಯ ಕೈಯ ಫೈಲು ಜಾರಿ ಕಾಗದಗಳೆಲ್ಲ ರಸ್ತೆಗೆ ಬಿದ್ದವು. ಮಾಲೀಕ ಓಡಿ ಹೋಗಿ ಆಯ್ದು ತಂದ. ಬಸ್ ಸ್ಟಾಪ್ ಮುಟ್ಟುವಷ್ಟರಲ್ಲಿ ಲೆಕ್ಕ ಹನ್ನೊಂದಾಗಿತ್ತು.

ಅಧಿಕಾರಿ ಬಾಯಿ ತೆರೆಯುವ ಮೊದಲೇ ಮಾಲೀಕ ಅತ್ತೆಯ ಕಡೆ ತಿರುಗಿದ.

"ನಮ್ಮಮ್ಮ ಅಂಗಡಿ ಕಡೆ ಬರೋದು ಬಿಟ್ಟು ಎರಡು ವರ್ಷ ಆಯ್ತು ಮೇಡಮ್. ಮಂಡಿ ನೋವು ಅಂದ್ಕೊಂಡಿದ್ದೆ," ಅಂದ. ಬೇಸ್‌ಮೆಂಟ್ ದಾರಿಯನ್ನು ಪಕ್ಕದ ಕ್ರಾಸಿಗೆ ತಿರುಗಿಸುತ್ತೇನೆ, ಮುಂದೆ ನಾಲ್ಕು ಅಡಿ ಬಿಡುತ್ತೇನೆ ಅಂದ. ಅತ್ತೆ ಆರು ಅಡಿ ಅಂದರು. ಅಧಿಕಾರಿ ಇಬ್ಬರನ್ನೂ ನೋಡಿ, ಆರು ಎಂದೇ ಬರೆದುಕೊಂಡರು. ಕಾರುಗಳು ಹದಿನಾಲ್ಕಕ್ಕೆ ಇಳಿದವು. ಅಧ್ಯಕ್ಷರು ಅತ್ತೆಯ ಜೊತೆ ಮಾತು ಬಿಟ್ಟರು. ಕರಿಬೇವಿನವರು ಮಾತ್ರ ಒಂದು ತಿಂಗಳು ತಡೆದುಕೊಂಡು, ಆಮೇಲೆ ಬಂದರು. ಅತ್ತೆ ಕಿತ್ತು ಕೊಟ್ಟರು, ಎಂದಿಗಿಂತ ಎರಡು ಎಸಳು ಹೆಚ್ಚಾಗಿಯೇ.

ಕಟ್ಟಡ ಎದ್ದಿತು, ಅಂಗಡಿ ತೆರೆಯಿತು. ಈಚೆಗೆ ಒಂದು ಸಂಜೆ ಅತ್ತೆಯ ಮನೆಗೆ ಹೋದರೆ ಬೀಗ. ಮೇನ್ ರೋಡಿಗೆ ಬಂದೆ. ಹೊಸ ಅಂಗಡಿಯ ಮುಂದೆ, ಅಗಲವಾದ ಫುಟ್‌ಪಾತಿನ ಮೇಲೆ, ಅತ್ತೆ ಮಾವ ಒಟ್ಟಿಗೆ ಬರುತ್ತಿದ್ದರು. ಅತ್ತೆ ಮಾವನ ಎಡಗಡೆ ಅಂಟಿಕೊಂಡಂತೆ ನಡೆಯುತ್ತ ಒಂದೇ ಸಮ ಏನೋ ಹೇಳುತ್ತಿದ್ದರು. ಅಷ್ಟು ಹತ್ತಿರ ಯಾಕೆ ಎಂದು ನಾನು ರೇಗಿಸಿದೆ.

"ನಿಮ್ಮ ಮಾವಂಗೆ ಬಲಗಿವಿ ಪೂರ್ತಿ ಹೋಗಿದೆ ಕಣೋ. ಎಡಗಡೆ ಬಂದು ಹೇಳಿದ್ರೇ ಕೇಳ್ಸೋದು," ಅಂದರು ಅತ್ತೆ. "ಇಷ್ಟು ವರ್ಷ ಈ ರೋಡಲ್ಲಿ ನಾನು ಮುಂದೆ, ಇವರು ಹಿಂದೆ. ಮಾತಾಡ್ಕೊಂಡೇ ಹೋಗ್ತಿದ್ದೆ. ತಿರುಗಿ ನೋಡಿದ್ರೆ ನಗೋರು. ಕೇಳಿಸ್ತಿದೆ ಅಂದ್ಕೊಂಡಿದ್ದೆ."

ಮನೆಯಲ್ಲಿ ಮಾತಾಡಬಹುದಲ್ಲ ಎಂದು ಕೇಳಿದೆ.

"ಮನೇಲಿ ಏನಿರತ್ತೆ? ಹಾಲು, ಗ್ಯಾಸು, ಮಾತ್ರೆ. ಅದಕ್ಕೇ ಈಗ ಎಲ್ಲಾನೂ ಮೊದಲಿಂದ ಹೇಳ್ತಾ ಇದೀನಿ."

ಮಾವ ನನ್ನ ಮುಖ ನೋಡಿ, ಇನ್ನೂ ಬಹಳ ಇದೆಯಂತೆ ಅಂದರು. ಇಬ್ಬರೂ ಮುಂದೆ ಹೊರಟರು. ನಾನು ಎರಡು ಹೆಜ್ಜೆ ಹಿಂದೆಯೇ ಉಳಿದೆ. ಅಲ್ಲಿಂದ ಅತ್ತೆಯ ಮಾತು ಒಂದೂ ಕೇಳಿಸಲಿಲ್ಲ. ಮಾವ ನಕ್ಕಿದ್ದು ಮಾತ್ರ ಕೇಳಿಸಿತು.